ಹಬೆ ಎಲ್ಲಿಗೆ ಹೋಗುತ್ತೆ? ಆರ್ಕಿಟೆಕ್ಚರ್ ಓದುವವರ ಡಿಸೈನ್ ಹುಟ್ಟುವ ಬಗೆ

ಆರ್ಕಿಟೆಕ್ಚರ್ ಓದುವ ಮಕ್ಕಳಿರುವ ಮನೆಯಲ್ಲಿ ಕೆಲವು ದೃಶ್ಯ ಮಾಮೂಲು. ರಾತ್ರಿ ಎರಡು ಗಂಟೆಗೂ ಲೈಟು ಉರಿಯುತ್ತಿರುತ್ತದೆ. ಊಟದ ಮೇಜಿನ ಮೇಲೆ ಕಟರ್, ಸ್ಟೀಲ್ ಸ್ಕೇಲು, ಫೆವಿಕಾಲ್ ಡಬ್ಬ. ಎಷ್ಟು ಗುಡಿಸಿದರೂ ಮೌಂಟ್ ಬೋರ್ಡಿನ ಚೂರು. ಇಷ್ಟೆಲ್ಲ ಕಣ್ಣೆದುರೇ ನಡೆದರೂ ಮಗಳು ನಿಜಕ್ಕೂ ಏನು ಕಲಿಯುತ್ತಿದ್ದಾಳೆ ಅಂತ ಕೇಳಿದರೆ ಮನೆಯವರು ತಡವರಿಸುತ್ತಾರೆ. 'ಮನೆ ಪ್ಲಾನ್ ಹಾಕೋದು' ಅಂತ ಅಪ್ಪ. 'ಡ್ರಾಯಿಂಗ್ ಚೆನ್ನಾಗಿ ಬಂದ್ರೆ ಸಾಕಂತೆ' ಅಂತ ಚಿಕ್ಕಮ್ಮ.

ಡ್ರಾಯಿಂಗ್ ಬೇಕು, ನಿಜ. ಆದರೆ ಐಡಿಯಾ ಮೊದಲು ಹೊಳೆದು, ಆಮೇಲೆ ಅದನ್ನು ಚೆಂದವಾಗಿ ಬರೆಯುತ್ತಾರೆ ಅಂತ ಹೊರಗಿನವರು ಅಂದುಕೊಂಡಿರುತ್ತಾರೆ. ಸ್ಟುಡಿಯೋದಲ್ಲಿ, ಅಂದರೆ ಡಿಸೈನ್ ಮಾಡುತ್ತಲೇ ಕಲಿಯುವ ಕ್ಲಾಸಿನಲ್ಲಿ, ಕೆಲಸ ನಡೆಯುವುದು ಹೆಚ್ಚುಕಮ್ಮಿ ಉಲ್ಟಾ. ಬರೆಯುತ್ತಾ ಹೋದ ಹಾಗೆ ತೊಡಕು ಕಾಣುತ್ತದೆ. ತೊಡಕು ಬಿಡಿಸುತ್ತಾ ಹೋದ ಹಾಗೆ ಕಟ್ಟಡ ಸಿಗುತ್ತದೆ. ಅದು ಹೇಗೆ ಅನ್ನೋದನ್ನು ಒಂದು ಪ್ರಾಜೆಕ್ಟ್ ಹಿಡಿದುಕೊಂಡು ನೋಡೋಣ.

ಮೊದಲು ಕೋರ್ಸಿನ ವಿಷಯ ಎರಡು ಮಾತಲ್ಲಿ. ಬಿ.ಆರ್ಕ್ ಐದು ವರ್ಷ, ಹತ್ತು ಸೆಮಿಸ್ಟರ್. ಸೇರಲು ನಾಟಾದಂಥ ಪ್ರವೇಶ ಪರೀಕ್ಷೆ ಬರೆಯಬೇಕು. ಪಾಸಾದ ಮೇಲೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ನೋಂದಾಯಿಸಿದವರು ಮಾತ್ರ ತಮ್ಮನ್ನು ಆರ್ಕಿಟೆಕ್ಟ್ ಅಂತ ಕರೆದುಕೊಳ್ಳಬಹುದು. 1972ರ ಕಾಯ್ದೆ ಹಾಗೆ ಹೇಳುತ್ತದೆ. ಸ್ಟ್ರಕ್ಚರ್, ಕಟ್ಟಡ ಸಾಮಗ್ರಿ, ಇತಿಹಾಸ, ನೀರು-ಕರೆಂಟಿನ ವ್ಯವಸ್ಥೆ, ಹೀಗೆ ಬೇರೆ ಬೇರೆ ಪಾಠಗಳಿವೆ. ಆದರೆ ಎಲ್ಲಕ್ಕೂ ನಡುಗಂಬ ಡಿಸೈನ್ ಸ್ಟುಡಿಯೋ. ಅದಕ್ಕೆ ಗೈಡು, ಗೆಸ್ ಪೇಪರು ಯಾವುದೂ ಇಲ್ಲ. ಮೊದಲು ಒಂದು ಬಸ್ ಸ್ಟಾಪೋ ಸಣ್ಣ ಅಂಗಡಿಯೋ ಇರುತ್ತದೆ. ಆಮೇಲೆ ಮನೆ, ಶಾಲೆ, ಆಸ್ಪತ್ರೆ, ವಸತಿ ಸಮುಚ್ಚಯ. ಕೊನೆಗೆ ಥೀಸಿಸ್.

ನಾನು ಮೈಸೂರಿನಲ್ಲಿ ಇದೇ ಕೆಲಸದಲ್ಲಿರುವವನು. ಆಗಾಗ ಕಾಲೇಜುಗಳಿಗೆ ಜ್ಯೂರಿಗೆ, ಅಂದರೆ ವಿದ್ಯಾರ್ಥಿಗಳ ಡಿಸೈನ್ ನೋಡಿ ಪ್ರಶ್ನೆ ಕೇಳಲು, ಹೋಗುತ್ತೇನೆ. ಅಲ್ಲಿ ನೋಡಿದ್ದರಲ್ಲಿ ಮನಸ್ಸಿನಲ್ಲಿ ಉಳಿದದ್ದು ಮೂರನೇ ವರ್ಷದ ಹುಡುಗಿಯೊಬ್ಬಳ ಆಲೆಮನೆ.

ಆಕೆಗೆ ಸಿಕ್ಕ ಬ್ರೀಫ್, ಅಂದರೆ ಎಲ್ಲಿ ಏನು ಕಟ್ಟಬೇಕು ಅನ್ನುವ ವಿವರ, ಅರ್ಧ ಪುಟ. ಮಂಡ್ಯ ಜಿಲ್ಲೆಯ ಒಂದು ಹಳ್ಳಿ, ನಾಲೆ ನೀರು ಬರುವ ಬಯಲಿನಲ್ಲಿ ಒಂದು ಎಕರೆ ಜಾಗ. ಅದರಲ್ಲಿ ಬೆಲ್ಲ ತಯಾರಿಸುವ ಆಲೆಮನೆ, ಅಲ್ಲೇ ಉಳಿಯುವ ಕೆಲಸಗಾರರ ಕುಟುಂಬಗಳಿಗೆ ಕೋಣೆಗಳು, ರಸ್ತೆ ಕಡೆಗೆ ಬೆಲ್ಲ ಮಾರುವ ಸಣ್ಣ ಅಂಗಡಿ. ಇಷ್ಟೇ.

ಇಂಥ ಬ್ರೀಫ್ ಕೈಗೆ ಬಂದ ತಕ್ಷಣ ಅರ್ಧ ಕ್ಲಾಸು ಕಬ್ಬಿನ ಆಕಾರದ ಹಿಂದೆ ಓಡುತ್ತದೆ. ಕಬ್ಬಿನ ಗೆಣ್ಣಿನ ಹಾಗೆ ಕಂಬ, ಗಾಣದ ಹಾಗೆ ದುಂಡಗಿನ ಕಟ್ಟಡ, ಅಚ್ಚುಬೆಲ್ಲದ ಹಾಗೆ ಕಿಟಕಿ. ಇದಕ್ಕೆ 'ಕಾನ್ಸೆಪ್ಟ್' ಅಂತ ಹೆಸರು. ನನಗಂತೂ ಇದು ಕಾಲೇಜುಗಳು ಅಂಟಿಸಿದ ಕೆಟ್ಟ ಚಟ ಅನ್ನಿಸುತ್ತದೆ. ಮೇಲಿಂದ ಹಾರುವ ಹಕ್ಕಿಗೆ ಕಟ್ಟಡ ಕಬ್ಬಿನ ಹಾಗೆ ಕಂಡರೆ ಒಳಗೆ ಒಲೆ ಉರಿಸುವವನಿಗೆ ಏನು ಬಂತು? ಈ ಹುಡುಗಿಯೂ ಮೊದಲ ವಾರ ಗೆಣ್ಣುಗಳನ್ನೇ ಬರೆದಿದ್ದಳಂತೆ. ಆಕೆಯ ಗೈಡ್, ಅಂದರೆ ಸ್ಟುಡಿಯೋದ ಮೇಷ್ಟ್ರು, ಬೈಯಲಿಲ್ಲ. 'ಹೋಗಿ ಒಂದು ಇಡೀ ದಿನ ಆಲೆಮನೆಯಲ್ಲಿ ಕೂತು ಬಾ' ಅಂದರಂತೆ.

ಇದನ್ನೇ ಕೇಸ್ ಸ್ಟಡಿ ಅನ್ನುವುದು. ಇಂಟರ್‌ನೆಟ್ಟಿನಿಂದ ನಾಲ್ಕು ವಿದೇಶಿ ಕಟ್ಟಡದ ಫೋಟೋ ಇಳಿಸಿ ಅಂಟಿಸಿದರೂ ಕೇಸ್ ಸ್ಟಡಿ ಅಂತಲೇ ಕರೆಯುತ್ತಾರೆ. ಕೂತು ನೋಡುವುದರ ಲಾಭ ಬೇರೆ. ಗಾಣಕ್ಕೆ ಕಬ್ಬು ಕೊಡುವವನು ಎಷ್ಟು ಅಗಲ ಕೈ ಚಾಚುತ್ತಾನೆ? ಸಿಪ್ಪೆ ಹೊತ್ತ ಹೆಂಗಸು ತಿರುಗಲು ಎಷ್ಟು ಜಾಗ ಬೇಕು? ಒಲೆಗೆ ಸಿಪ್ಪೆ ತಳ್ಳುವವನು ಎಲ್ಲಿ ಕೂರುತ್ತಾನೆ, ಅವನ ಮುಖಕ್ಕೆ ಎಷ್ಟು ಝಳ ಹೊಡೆಯುತ್ತದೆ? ಆಕೆ ಟೇಪು ಹಿಡಿದು ಇದನ್ನೆಲ್ಲ ಅಳೆದು ತಂದಿದ್ದಳು. ಮೆಟ್ಟಿಲು ಎತ್ತರ 150 ಮಿಲಿಮೀಟರ್, ತುಳಿಯುವ ಅಗಲ 300, ಕೂರುವ ಎತ್ತರ 450 ಅನ್ನುವಂಥ ಲೆಕ್ಕ ಮೊದಲ ವರ್ಷದಲ್ಲೇ ಬಾಯಿಪಾಠ ಆಗಿರುತ್ತದೆ. ತಲೆ ಮೇಲೆ ಹೊರೆ ಇಟ್ಟುಕೊಂಡವರ ಬಾಗಿಲು ಎಷ್ಟು ಎತ್ತರ ಇರಬೇಕು ಅನ್ನೋದನ್ನು ಮಾತ್ರ ಹೋಗಿ ನೋಡಿಯೇ ತಿಳಿಯಬೇಕು.

ಜೊತೆಗೆ ಒಂದು ಲೆಕ್ಕವನ್ನೂ ತಂದಿದ್ದಳು. ಒಂದು ಟನ್ ಕಬ್ಬು ಅರೆದರೆ ಸುಮಾರು 600 ಕೆಜಿ ರಸ ಸಿಗುತ್ತದೆ. ಅದನ್ನು ಕಾಯಿಸಿದರೆ ಹತ್ತಿರ ಹತ್ತಿರ 100 ಕೆಜಿ ಬೆಲ್ಲ. ಉಳಿದ 500 ಕೆಜಿ ಏನಾಯಿತು? ಅದರಲ್ಲಿ ಹೆಚ್ಚಿನದು ನೀರು, ಅಷ್ಟೂ ಹಬೆಯಾಗಿ ಮೇಲಕ್ಕೆ ಹೋಯಿತು. ಒಂದೊಂದು ಟನ್ನಿಗೂ ಇಷ್ಟು.

ಈ ಲೆಕ್ಕ ಸಿಕ್ಕಿದ ಮೇಲೆ ಗೆಣ್ಣಿನ ಕಂಬ ತಾನಾಗಿಯೇ ಬಿದ್ದುಹೋಯಿತು.

ಜಾಗವನ್ನು ಓದುವುದು

ಡಿಸೈನ್ ಅನ್ನೋದು ಜಾಗದಿಂದ ಶುರು ಅಂತ ಎಲ್ಲರೂ ಹೇಳುತ್ತಾರೆ. ಜಾಗದಲ್ಲಿ ಏನನ್ನು ನೋಡಬೇಕು? ಮುಖ್ಯವಾಗಿ ಬಿಸಿಲು, ಗಾಳಿ, ನೆಲದ ಇಳಿಜಾರು.

ಮೈಸೂರು, ಮಂಡ್ಯ ಎರಡೂ ಸಮಭಾಜಕದಿಂದ ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರಕ್ಕಿವೆ. ಹಾಗಾಗಿ ಏಪ್ರಿಲ್ ಕೊನೆಯ ವಾರದ ಆಸುಪಾಸು ಒಮ್ಮೆ, ಆಗಸ್ಟ್ ಮೂರನೇ ವಾರದ ಆಸುಪಾಸು ಒಮ್ಮೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ಬಿಸಿಲು ಉತ್ತರದ ಗೋಡೆಗೂ ಬೀಳುತ್ತದೆ. 'ಉತ್ತರಕ್ಕೆ ಬಿಸಿಲೇ ಬರಲ್ಲ' ಅನ್ನೋ ಪುಸ್ತಕದ ಮಾತು ನಮ್ಮೂರಿಗೆ ಪೂರ್ತಿ ನಡೆಯುವುದಿಲ್ಲ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ, ಮಧ್ಯಾಹ್ನ 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ದಕ್ಷಿಣದ ಕಿಟಕಿ ಮೇಲೆ ಎರಡಡಿ ಸಜ್ಜಾ ಇದ್ದರೆ, ಅದರ ನೆರಳು ಗೋಡೆಯ ಮೇಲೆ ಎರಡೂಮುಕ್ಕಾಲು ಅಡಿ ಕೆಳಗಿಳಿಯುತ್ತದೆ. ಪರವಾಗಿಲ್ಲ, ಕಿಟಕಿಯ ಮುಕ್ಕಾಲು ಪಾಲು ನೆರಳು. ಅದೇ ಸಜ್ಜಾವನ್ನು ಪಶ್ಚಿಮದ ಗೋಡೆಗೆ ಹಾಕಿ ನೋಡಿ. ಸಂಜೆ ಸೂರ್ಯ 30 ಡಿಗ್ರಿಗೆ ಇಳಿದು ಎದುರಿಗೇ ಬಂದಾಗ ನೆರಳು ಒಂದಡಿ ಚಿಲ್ಲರೆ. ಉಳಿದ ಬಿಸಿಲು ಸೀದಾ ಹಾಸಿಗೆ ಮೇಲೆ. ಹೊಸ ಬಡಾವಣೆಗಳಲ್ಲಿ ನಾಲ್ಕು ಕಡೆಗೂ ಒಂದೇ ಅಳತೆಯ ಸಜ್ಜಾ ಹಾಕಿ ಆಮೇಲೆ ಎಸಿ ಕೊಳ್ಳುವವರಿಗೆ ಈ ಲೆಕ್ಕ ಯಾರೂ ಹೇಳಿರುವುದಿಲ್ಲ.

ಗಾಳಿ ಮಳೆಗಾಲದಲ್ಲಿ ಪಶ್ಚಿಮ, ನೈಋತ್ಯದ ಕಡೆಯಿಂದ ಬೀಸುತ್ತದೆ. ಒಲೆಯ ಹೊಗೆ ಮಲಗುವ ಕೋಣೆಗೆ ನುಗ್ಗಬಾರದು ಅಂದರೆ ಒಲೆ ಪೂರ್ವಕ್ಕಿರಬೇಕು, ಕೋಣೆಗಳು ಪಶ್ಚಿಮಕ್ಕಿರಬೇಕು. ಆದರೆ ಕೋಣೆಗಳು ಪಶ್ಚಿಮಕ್ಕೆ ಬಂದರೆ ಈಗ ತಾನೇ ಹೇಳಿದ ಸಂಜೆ ಬಿಸಿಲು ಅವಕ್ಕೇ ಹೊಡೆಯುತ್ತದೆ. ಗಾಳಿ ಒಂದು ಹೇಳಿದರೆ ಬಿಸಿಲು ಇನ್ನೊಂದು ಹೇಳುತ್ತದೆ. ಡಿಸೈನ್ ಅಂದರೆ ಇದೇ ಜಗಳ ಬಿಡಿಸುವ ಕೆಲಸ. ಈ ಹುಡುಗಿ ಕೋಣೆಗಳನ್ನು ಪಶ್ಚಿಮಕ್ಕೇ ಉಳಿಸಿಕೊಂಡಳು. ಅವುಗಳ ಪಶ್ಚಿಮದ ಗೋಡೆಗೆ ತಾಗಿ ಬಚ್ಚಲು, ಸಾಮಾನಿನ ಕೋಣೆ ಇಟ್ಟಳು. ಬಿಸಿಲು ಮೊದಲು ಅವನ್ನು ಕಾಯಿಸಲಿ ಅಂತ. ಬಾಗಿಲು, ಜಗಲಿ ಎಲ್ಲ ಪೂರ್ವಕ್ಕೆ ತಿರುಗಿದವು. ಚಳಿಗಾಲದಲ್ಲಿ ಗಾಳಿ ಪೂರ್ವದಿಂದ ತಿರುಗಿ ಬೀಸುತ್ತದಲ್ಲ, ಆಗ ಹೊಗೆ? ಅದಕ್ಕೆ ಒಲೆಗೂ ಕೋಣೆಗೂ ನಡುವೆ ದೊಡ್ಡ ಅಂಗಳ, ಎತ್ತರದ ಚಿಮಣಿ. ಪೂರ್ತಿ ಪರಿಹಾರ ಅಲ್ಲ, ಆದರೆ ಸಾಕಷ್ಟು. ಅಂದಹಾಗೆ, ಒಲೆ ಕೊನೆಗೆ ಆಗ್ನೇಯಕ್ಕೆ ಹೋಗಿ ಕೂತಿತು. ವಾಸ್ತು ಕೇಳುವ ಅಜ್ಜಿಯರಿಗೂ ಬೇಜಾರಿಲ್ಲ.

ಇಳಿಜಾರಿನ ಕಥೆ ಇನ್ನೂ ಚೆನ್ನಾಗಿದೆ. ರಸ್ತೆ ಇರುವುದು ಪಶ್ಚಿಮಕ್ಕೆ, ಎತ್ತರದಲ್ಲಿ. ಗದ್ದೆ ಪೂರ್ವಕ್ಕೆ, ಒಂದೂವರೆ ಮೀಟರ್ ಕೆಳಗೆ. ಅಂದರೆ ಸುಮಾರು ಐದಡಿ. ಮೊದಲ ಪ್ಲಾನಿನಲ್ಲಿ ಆಕೆ ಇಳಿಜಾರಿನ ಗುಂಟ ಎಲ್ಲವನ್ನೂ ಜೋಡಿಸಿದ್ದಳು. ಟ್ರ್ಯಾಕ್ಟರಿನಲ್ಲಿ ಕಬ್ಬು ಮೇಲೆ ಬಂದಿಳಿಯುತ್ತದೆ, ಗಾಣದಿಂದ ರಸ ತಾನಾಗಿ ಕೆಳಗೆ ಹರಿದು ಕೊಪ್ಪರಿಗೆಗೆ ಬೀಳುತ್ತದೆ, ಬೆಲ್ಲ ತೀರಾ ಕೆಳಗೆ ಅಚ್ಚಿಗೆ ಇಳಿಯುತ್ತದೆ. ಪಂಪು ಬೇಡ, ಕರೆಂಟು ಬೇಡ. ನೋಡಲು ಸೊಗಸು. ಆದರೆ ತಯಾರಾದ ಬೆಲ್ಲ ರಸ್ತೆಗೆ, ಅಂಗಡಿಗೆ ಬರುವುದು ಹೇಗೆ? ಕೆಳಗಿನಿಂದ ಮೇಲಕ್ಕೆ ಗಾಡಿ ತಳ್ಳಬೇಕು. ತಳ್ಳುವ ಇಳಿಜಾರಿಗೆ ಸಾಮಾನ್ಯವಾಗಿ ಹಿಡಿಯುವ ಲೆಕ್ಕ ಒಂದಕ್ಕೆ ಹನ್ನೆರಡು. ಒಂದೂವರೆ ಮೀಟರ್ ಏರಲು 18 ಮೀಟರ್ ಉದ್ದದ ರ‍್ಯಾಂಪ್. ಹತ್ತಿರ ಹತ್ತಿರ ಅರವತ್ತು ಅಡಿ.

ಇನ್ನೊಂದು ತೊಡಕು. ಕೊಪ್ಪರಿಗೆಯ ಒಲೆ ನೆಲದ ಮಟ್ಟಕ್ಕಿಂತ ಕೆಳಗಿರಬೇಕು. ಗದ್ದೆಯ ಪಕ್ಕ, ನಾಲೆ ನೀರು ಬಿಟ್ಟ ತಿಂಗಳುಗಳಲ್ಲಿ ಗುಂಡಿ ತೋಡಿದರೆ ನೀರು ಜಿನುಗುತ್ತದೆ. ಒಲೆಯಲ್ಲಿ ನೀರು!

ಎರಡೂ ತೊಡಕು ಒಟ್ಟಿಗೇ ಬಿಡಿಸಿಕೊಂಡದ್ದು ಒಂದು ಸಣ್ಣ ಬದಲಾವಣೆಯಿಂದ. ಕೊಪ್ಪರಿಗೆಯನ್ನು ತೀರಾ ಕೆಳಗಿಡುವ ಬದಲು ನಡುವಿಗೆ ತಂದಳು. ರಸ್ತೆಗಿಂತ 60 ಸೆಂಟಿಮೀಟರ್ ಕೆಳಗೆ ಒಂದು ಕಟ್ಟೆ, ಅದರ ಮೇಲೆ ಕೊಪ್ಪರಿಗೆ, ಪಕ್ಕದಲ್ಲೇ ಪಾಕ ಆರಿಸುವ ತೊಟ್ಟಿ. ಒಲೆಯ ಬಾಯಿ ಮಾತ್ರ ಕಟ್ಟೆಯ ಬದಿಯಲ್ಲಿ, ಇನ್ನೂ 90 ಸೆಂಟಿಮೀಟರ್ ಕೆಳಗಿನ ನೆಲಕ್ಕೆ ತೆರೆಯುತ್ತದೆ. ಗುಂಡಿ ತೋಡುವುದೇ ಬೇಕಿಲ್ಲ, ಇಳಿಜಾರೇ ಒಲೆಗೆ ಆಳ ಕೊಟ್ಟಿತು. ಬೆಲ್ಲ ಏರಬೇಕಾದದ್ದು ಈಗ 60 ಸೆಂಟಿಮೀಟರ್ ಅಷ್ಟೇ. ರ‍್ಯಾಂಪ್ 18 ಮೀಟರಿನಿಂದ 7 ಮೀಟರ್ ಚಿಲ್ಲರೆಗೆ ಇಳಿಯಿತು. ಬೆಂಕಿಯವನ ಜಾಗವೂ ಪಾಕದವನ ಜಾಗವೂ ಬೇರೆಯಾದವು. ಬೂದಿ ಹಾರಿ ಬೆಲ್ಲಕ್ಕೆ ಬೀಳುವುದು ತಪ್ಪಿತು.

ಜ್ಯೂರಿಯಲ್ಲಿ 'ನಿನ್ನ ಕಾನ್ಸೆಪ್ಟ್ ಏನಮ್ಮ?' ಅಂತ ಯಾರೋ ಕೇಳಿದಾಗ ಆಕೆ ಈ ಕಟ್ಟೆಯನ್ನು ತೋರಿಸಿದಳು. ನನಗೆ ಖುಷಿಯಾಯಿತು.

ಒಂದರ ಮೇಲೊಂದು ಬಟರ್ ಪೇಪರ್

ಇದೆಲ್ಲ ಒಂದೇ ಸಲಕ್ಕೆ ಹೊಳೆಯುವುದಿಲ್ಲ. ಸ್ಟುಡಿಯೋದಲ್ಲಿ ಇದಕ್ಕೊಂದು ಹಳೇ ಉಪಾಯವಿದೆ. ನಿನ್ನೆಯ ಪ್ಲಾನಿನ ಮೇಲೆ ತೆಳ್ಳಗಿನ ಬಟರ್ ಪೇಪರ್ ಹಾಸುತ್ತಾರೆ. ಕೆಳಗಿನ ಗೆರೆಗಳು ಮಸುಕಾಗಿ ಕಾಣುತ್ತವೆ. ಸರಿಯಿದ್ದದ್ದನ್ನು ಹಾಗೇ ಎತ್ತಿಕೊಂಡು, ಸರಿಯಿಲ್ಲದ್ದನ್ನು ಮಾತ್ರ ಬದಲಾಯಿಸುತ್ತಾರೆ. ಮಾರನೇ ದಿನ ಅದರ ಮೇಲೆ ಇನ್ನೊಂದು. ವಾರದ ಕೊನೆಗೆ ದೊಡ್ಡ ಸುರುಳಿಯೇ ಆಗುತ್ತದೆ. ಕಂಪ್ಯೂಟರಿನಲ್ಲಿ ಅಳಿಸಿ ಬರೆದರೆ ಹಳೆಯದು ಮಾಯ. ಇಲ್ಲಿ ಎಲ್ಲ ಉಳಿದಿರುತ್ತದೆ. ಎಷ್ಟೋ ಸಲ ಮೂರನೇ ಹಾಳೆಯಲ್ಲಿ ಬಿಟ್ಟದ್ದು ಎಂಟನೇ ಹಾಳೆಯಲ್ಲಿ ವಾಪಸ್ ಬರುತ್ತದೆ.

ಸ್ಕೇಲಿನ ವಿಷಯವನ್ನು ಹೊರಗಿನವರು ಬರೀ ಅಳತೆ ಅಂದುಕೊಳ್ಳುತ್ತಾರೆ. ಅದಕ್ಕಿಂತ ಹೆಚ್ಚಿನ ಕೆಲಸ ಅದಕ್ಕಿದೆ. 1:500ರಲ್ಲಿ ಐದು ಮೀಟರ್ ಒಂದು ಸೆಂಟಿಮೀಟರ್ ಆಗುತ್ತದೆ. ಅಲ್ಲಿ ಬಾಗಿಲು ಬರೆಯಲು ಆಗುವುದೇ ಇಲ್ಲ. ಒಳ್ಳೆಯದೇ ಆಯಿತು, ಆ ಹಂತದಲ್ಲಿ ಬಾಗಿಲಿನ ಬಗ್ಗೆ ಯೋಚನೆಯೇ ಬೇಡ. ಕಟ್ಟಡ ಎಲ್ಲಿ ಕೂರಬೇಕು, ಟ್ರ್ಯಾಕ್ಟರ್ ಎಲ್ಲಿ ತಿರುಗಬೇಕು, ಸಿಪ್ಪೆ ಒಣಗಿಸುವ ಕಣ ಎಲ್ಲಿ, ಅಷ್ಟೇ. 1:100ಕ್ಕೆ ಬಂದಾಗ ಗೋಡೆಗೆ ದಪ್ಪ ಬರುತ್ತದೆ, ಬಾಗಿಲು ಯಾವ ಕಡೆ ತೆರೆಯುತ್ತದೆ ಅನ್ನೋ ಪ್ರಶ್ನೆ ಬರುತ್ತದೆ. 1:20ರಲ್ಲಿ ಹೆಂಚಿನ ಕೆಳಗಿನ ರೀಪು, ನೀರು ಹೋಗುವ ದೋಣಿ. ಶುರುವಿನಲ್ಲೇ 1:20ಕ್ಕೆ ಹಾರಿ ಕಿಟಕಿ ಗ್ರಿಲ್ಲಿನ ಡಿಸೈನ್ ಬರೆಯುವವರಿದ್ದಾರೆ. ಅವರ ಸೆಮಿಸ್ಟರ್ ಅಲ್ಲೇ ಮುಗಿಯುತ್ತದೆ.

ಇನ್ನು ಸೆಕ್ಷನ್. ಮನೆ ಕಟ್ಟಿಸುವವರು ಪ್ಲಾನ್, ಎಲಿವೇಶನ್ ಎರಡನ್ನೇ ಕೇಳುತ್ತಾರೆ. ಪ್ಲಾನ್ ಅಂದರೆ ಕಟ್ಟಡವನ್ನು ಕಿಟಕಿಯ ಎತ್ತರದಲ್ಲಿ ಅಡ್ಡಕ್ಕೆ ಕೊಯ್ದು ಮೇಲಿಂದ ನೋಡಿದ್ದು. ಎಲಿವೇಶನ್ ಹೊರಗಿನ ಮುಖ. ಸೆಕ್ಷನ್ ಅಂದರೆ ಹಲಸಿನ ಹಣ್ಣು ಸೀಳಿದ ಹಾಗೆ ಸೂರಿನಿಂದ ಪಾಯದವರೆಗೆ ಉದ್ದಕ್ಕೆ ಸೀಳಿ ಪಕ್ಕದಿಂದ ನೋಡಿದ್ದು. ಗಾಳಿ, ಬೆಳಕು, ಹಬೆ, ಮಳೆನೀರು ಓಡಾಡುವುದು ಅಲ್ಲಿ ಮಾತ್ರ ಕಾಣುತ್ತದೆ. ಅಗ್ರಹಾರದ ಹಳೇ ತೊಟ್ಟಿ ಮನೆಯ ಪ್ಲಾನ್ ನೋಡಿದರೆ ನಡುವೆ ಒಂದು ಚೌಕ, ಅಷ್ಟೇ. ಸೆಕ್ಷನ್ ನೋಡಿದರೆ ತೊಟ್ಟಿಯ ಮೇಲಿಂದ ಬೆಳಕು ಹೇಗೆ ಇಳಿಯುತ್ತದೆ, ಬಿಸಿ ಗಾಳಿ ಹೇಗೆ ಮೇಲೇರುತ್ತದೆ ಅನ್ನೋದು ಗೊತ್ತಾಗುತ್ತದೆ.

ಈ ಹುಡುಗಿಯ ಮೊದಲ ಸೆಕ್ಷನ್‌ನಲ್ಲಿ ಆಲೆಮನೆಗೆ ಚಪ್ಪಟೆ ಆರ್‌ಸಿಸಿ ತಾರಸಿ ಇತ್ತು. ಗೈಡ್ ಕೆಂಪು ಪೆನ್ನಿನಲ್ಲಿ ಕೊಪ್ಪರಿಗೆಯಿಂದ ಒಂದು ಬಾಣ ಮೇಲಕ್ಕೆ ಎಳೆದು 'ಹಬೆ ಎಲ್ಲಿಗೆ ಹೋಗುತ್ತೆ?' ಅಂತ ಬರೆದಿದ್ದರು. ಟನ್ನಿಗೆ ಅರ್ಧ ಸಾವಿರ ಲೀಟರ್ ನೀರಿನ ಹಬೆ ತಾರಸಿಗೆ ತಾಗಿ, ತಣ್ಣಗಾಗಿ, ಹನಿಯಾಗಿ ವಾಪಸ್ ಪಾಕಕ್ಕೇ ಬೀಳುತ್ತದೆ. ಆಮೇಲಿನ ಹಾಳೆಗಳಲ್ಲಿ ಸೂರು ಎತ್ತರವಾಯಿತು, ಇಳಿಜಾರಾಯಿತು. ನೆತ್ತಿಯಲ್ಲಿ ಉದ್ದಕ್ಕೆ ಸೀಳು, ಆ ಸೀಳಿನ ಮೇಲೆ ಮಳೆ ತಡೆಯಲು ಇನ್ನೊಂದು ಪುಟ್ಟ ಸೂರು. ಕೆಳಗೆ ಗೋಡೆಯಲ್ಲಿ ಗಾಳಿಯಾಡಲು ತೂತುತೂತಿನ ಜಾಲಿ. ಬಿಸಿ ಗಾಳಿ ಹಗುರ, ಮೇಲೆ ಹೋಗುತ್ತದೆ. ಅದರ ಜಾಗಕ್ಕೆ ಕೆಳಗಿನಿಂದ ತಂಪು ಗಾಳಿ ಒಳಬರುತ್ತದೆ. ಕೆಳಗಿನ ಜಾಲಿಗೂ ಮೇಲಿನ ಸೀಳಿಗೂ ಅಂತರ ಜಾಸ್ತಿಯಾದಷ್ಟೂ ಎಳೆತ ಜೋರು. ಫ್ಯಾನ್ ಬೇಕಿಲ್ಲ. ದೂರದಿಂದ ನೋಡುವವರಿಗೆ ಕಟ್ಟಡದ ಚೆಲುವು ಅನ್ನಿಸುವುದು ಆ ಎರಡಂತಸ್ತಿನ ಸೂರೇ. ಅದನ್ನು ಬರೆದದ್ದು ಚೆಲುವಿಗಲ್ಲ.

ಸಾಮಗ್ರಿಯ ಆಯ್ಕೆಯೂ ಹೀಗೇ ಒಂದು ಪ್ರಶ್ನೆಗೆ ಉತ್ತರವಾಗಿ ಬರುತ್ತದೆ. ಬೆಂಕಿಯ ಪಕ್ಕ ಮರದ ತೊಲೆ ಹಾಕಬಹುದೇ? ಮೈಸೂರಿನವರಿಗೆ ಇದಕ್ಕೆ ದೊಡ್ಡ ಉದಾಹರಣೆ ಮನೆಯ ಹತ್ತಿರವೇ ಇದೆ. 1897ರಲ್ಲಿ ಮದುವೆ ಸಮಾರಂಭದ ಹೊತ್ತಿನಲ್ಲಿ ಮರದ ಹಳೇ ಅರಮನೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ವಿನ್ಯಾಸದ ಈಗಿನ ಅರಮನೆ 1912ರಲ್ಲಿ ಮುಗಿದಾಗ ಹೆಚ್ಚಾಗಿ ಕಲ್ಲು, ಇಟ್ಟಿಗೆ, ಕಬ್ಬಿಣಕ್ಕೆ ಬಂದಿತ್ತು. ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳು ಗ್ಲಾಸ್ಗೋದಿಂದ ಬಂದವು. ಪ್ರವಾಸಿಗರು ಬಣ್ಣದ ಗಾಜು ನೋಡುತ್ತಾರೆ, ಆರ್ಕಿಟೆಕ್ಚರ್ ಹುಡುಗರು ಕಂಬದ ಬುಡ ತಟ್ಟಿ ನೋಡುತ್ತಾರೆ. ನಮ್ಮ ಹುಡುಗಿ ಒಲೆಯ ಭಾಗಕ್ಕೆ ಇಟ್ಟಿಗೆ ಕಂಬ ಮತ್ತು ಕಬ್ಬಿಣದ ತೊಲೆ, ಕೋಣೆಗಳ ಜಗಲಿಗೆ ಮಾತ್ರ ಮರ ಅಂತ ಹಂಚಿದ್ದಳು.

ಮಾಡೆಲ್ ಬಗ್ಗೆ ಒಂದು ಮಾತು. ಸಬ್ಮಿಷನ್‌ಗೆ ಮಾಡುವ ಬಿಳಿ, ಚೊಕ್ಕ ಮಾಡೆಲ್ ನನಗೆ ಅಷ್ಟು ಮುಖ್ಯ ಅನ್ನಿಸುವುದಿಲ್ಲ. ನಡುವೆ ಹಳೇ ರಟ್ಟಿನಲ್ಲಿ ಮಾಡಿ, ಕಿತ್ತು, ಮತ್ತೆ ಅಂಟಿಸುವ ಒರಟು ಮಾಡೆಲ್ಲೇ ಕಲಿಸುವುದು. ಅದನ್ನು ತಾರಸಿಗೆ ಒಯ್ದು ಬಿಸಿಲಿಗೆ ಹಿಡಿಯಬಹುದು. ಬುಡದಲ್ಲಿ ಒಂದು ಪುಟ್ಟ ನೆರಳು ಗಡಿಯಾರ ಅಂಟಿಸಿ, ಬೇಕಾದ ತಿಂಗಳು, ಬೇಕಾದ ಗಂಟೆಗೆ ನೆರಳು ಬೀಳುವವರೆಗೆ ಮಾಡೆಲ್ಲನ್ನು ವಾಲಿಸಿದರೆ ಸಾಕು. ಡಿಸೆಂಬರಿನ ಬಿಸಿಲು ಜುಲೈಯಲ್ಲೇ ಕಾಣುತ್ತದೆ. ಸಾಫ್ಟ್‌ವೇರಿನಲ್ಲೂ ಇದು ಸಾಧ್ಯ, ನಿಜ. ಆದರೆ ಕೈಯಲ್ಲಿ ಹಿಡಿದು ವಾಲಿಸಿದವರು ಮರೆಯುವುದಿಲ್ಲ.

ಸಾಫ್ಟ್‌ವೇರ್ ಬೇಡ ಅಂತ ನಾನು ಹೇಳುತ್ತಿಲ್ಲ. ಆಟೋಕ್ಯಾಡ್, ಸ್ಕೆಚ್‌ಅಪ್, ರೆವಿಟ್ ಗೊತ್ತಿಲ್ಲದೆ ಆಫೀಸಿನಲ್ಲಿ ಕೆಲಸ ಸಿಗುವುದು ಕಷ್ಟ. ತಕರಾರು ಇರುವುದು ರೆಂಡರ್ ಚಿತ್ರಗಳ ಮೇಲೆ, ಅಂದರೆ ಕಟ್ಟುವ ಮೊದಲೇ ಕಟ್ಟಡವನ್ನು ಫೋಟೋದ ಹಾಗೆ ತೋರಿಸುವ ಕಂಪ್ಯೂಟರ್ ಚಿತ್ರಗಳ ಮೇಲೆ. ಅವುಗಳಲ್ಲಿ ಯಾವಾಗಲೂ ಹೊಂಬಣ್ಣದ ಸಂಜೆ, ಬಲೂನ್ ಹಿಡಿದ ಮಗು. ಮಂಡ್ಯದ ಗದ್ದೆ ಪಕ್ಕ ಯೂರೋಪಿನ ಬರ್ಚ್ ಮರ! ಈಗ ಎಐಗೆ ನಾಲ್ಕು ಪದ ಕೊಟ್ಟರೆ ಇಂಥವು ನಿಮಿಷದಲ್ಲಿ ಬರುತ್ತವೆ. ಆದರೆ ರ‍್ಯಾಂಪ್ 18 ಮೀಟರೋ 7 ಮೀಟರೋ ಅನ್ನೋದು ಆ ಚಿತ್ರದಲ್ಲಿ ಎಲ್ಲೂ ಇರುವುದಿಲ್ಲ.

ಜ್ಯೂರಿ, ಆಮೇಲೆ ಥೀಸಿಸ್

ಜ್ಯೂರಿ ದಿನ ಶೀಟುಗಳನ್ನು ಗೋಡೆಗೆ ಪಿನ್ ಮಾಡಿ ವಿದ್ಯಾರ್ಥಿ ಮುಂದೆ ನಿಲ್ಲುತ್ತಾರೆ. ಹೊರಗಿನಿಂದ ಬಂದ ಆರ್ಕಿಟೆಕ್ಟ್‌ಗಳು ಪ್ರಶ್ನೆ ಕೇಳುತ್ತಾರೆ. ಇಡೀ ಸೆಮಿಸ್ಟರಿನ ಕೆಲಸಕ್ಕೆ ಸಿಗುವುದು ಹತ್ತು ಹದಿನೈದು ನಿಮಿಷ. ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದವರು ಮಾತೇ ಹೊರಡದೆ ನಿಂತುಬಿಡುವುದುಂಟು. ಮಕ್ಕಳನ್ನು ಅಳಿಸಿದರೇ ಕಲಿಯುತ್ತಾರೆ ಅನ್ನುವ ಜ್ಯೂರಿಯವರು ಇನ್ನೂ ಇದ್ದಾರೆ. ಶೀಟ್ ಹರಿದು ಹಾಕಿದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುವವರೂ ಇದ್ದಾರೆ. ಇದರಲ್ಲಿ ಕಲಿಕೆ ಏನೂ ಇಲ್ಲ. ತಪ್ಪು ತೋರಿಸಲು ಕೆಂಪು ಪೆನ್ನು ಸಾಕು. ಆಲೆಮನೆಗೂ ಆ ದಿನ ಪ್ರಶ್ನೆ ಬಿತ್ತು: ಒಣ ಸಿಪ್ಪೆಯ ರಾಶಿ ಒಲೆಗೆ ತೀರಾ ಹತ್ತಿರ ಇದೆ, ಕಿಡಿ ಹಾರಿದರೆ? ಆಕೆ ಅದನ್ನು ಗುರುತು ಹಾಕಿಕೊಂಡಳು. ಉತ್ತರ ಸಿದ್ಧ ಇರಲಿಲ್ಲ, ಇದೆ ಅಂತ ನಟಿಸಲೂ ಇಲ್ಲ.

ಕೊನೆಯ ವರ್ಷದ ಥೀಸಿಸ್‌ನಲ್ಲಿ ಒಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿ ಬ್ರೀಫನ್ನೂ ವಿದ್ಯಾರ್ಥಿಯೇ ಬರೆಯಬೇಕು. ಏನು ಕಟ್ಟಬೇಕು, ಯಾರಿಗೆ, ಯಾಕೆ, ಎಷ್ಟು ಚದರಡಿ, ಎಲ್ಲ. ಮೈಸೂರಿನಲ್ಲಿ ಓದುವವರಿಗೆ ಕಣ್ಣೆದುರೇ ಇರುವ ವಿಷಯ ಊರಿನ ಎರಡು ಹಳೇ ಕಟ್ಟಡಗಳು: ದೇವರಾಜ ಮಾರುಕಟ್ಟೆ, ಲ್ಯಾನ್ಸ್‌ಡೌನ್ ಕಟ್ಟಡ. ಲ್ಯಾನ್ಸ್‌ಡೌನ್‌ನ ಒಂದು ಭಾಗ 2012ರಲ್ಲಿ ಕುಸಿದು ಜೀವಗಳು ಹೋದವು. ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿಯಿತು. ಕೆಡವಿ ಕಟ್ಟಬೇಕೋ ರಿಪೇರಿ ಮಾಡಬೇಕೋ ಅಂತ ಊರೇ ವಾದ ಮಾಡಿದೆ.

ಥೀಸಿಸ್‌ಗೆ ಇದನ್ನು ಎತ್ತಿಕೊಂಡವರು ಮೊದಲು ಮಾಡಬೇಕಾದ್ದು ಅಳತೆ. ಟೇಪು, ತೂಗುಗುಂಡು, ಮಟ್ಟ ನೋಡಲು ನೀರು ತುಂಬಿದ ಪೈಪು ಹಿಡಿದು ಗುಂಪಾಗಿ ಇಡೀ ಕಟ್ಟಡವನ್ನು ಅಳೆದು ಬರೆಯುತ್ತಾರೆ. ಗೋಡೆ ಎಲ್ಲಿ ವಾಲಿದೆ, ಗಾರೆ ಎಲ್ಲಿ ಉದುರಿದೆ, ಸೂರಿನ ಮರ ಎಲ್ಲಿ ನೀರು ಕುಡಿದಿದೆ, ಎಲ್ಲ ಆ ಹಾಳೆಗೆ ಬರುತ್ತದೆ. ಗಾರೆಗೋಡೆಗೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಹೊರಬರಲು ದಾರಿ ಇರುವುದಿಲ್ಲ ಅನ್ನೋದು ಅಲ್ಲೇ ಗೊತ್ತಾಗುವುದು. ಆಮೇಲೆ ಜನ. ಮಾರುಕಟ್ಟೆಯಲ್ಲಿ ಹೂವಿನವರಿಗೆ ಬೇಕಾದ್ದು ನೆರಳು, ನೀರು. ಬಾಳೆಹಣ್ಣಿನವರಿಗೆ ಬೇಕಾದ್ದು ಗೊನೆ ತೂಗುಹಾಕುವ ಎತ್ತರ. ಕುಂಕುಮದ ರಾಶಿಯವರಿಗೆ ಗಾಳಿ ಜೋರಾಗಿ ಬರಬಾರದು. ಒಂದೇ ಅಳತೆಯ ನೂರು ಅಂಗಡಿ ಬರೆದು ತಂದರೆ ಮೊದಲ ರಿವ್ಯೂನಲ್ಲೇ ವಾಪಸ್.

ಇಷ್ಟು ಮುಗಿಸಿದವರಿಗೂ ಜ್ಯೂರಿಯಲ್ಲಿ ನಾನು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. ಕೆಲಸ ನಡೆಯುವ ತಿಂಗಳುಗಳಲ್ಲಿ ಈ ವ್ಯಾಪಾರಿಗಳು ಎಲ್ಲಿ ಕೂರುತ್ತಾರೆ? ಮೊದಲು ಯಾವ ಸಾಲು ಖಾಲಿಯಾಗಬೇಕು, ಅವರು ಯಾವ ಜಾಗಕ್ಕೆ ಹೋಗಬೇಕು, ದಸರಾ ಹೊತ್ತಿಗೆ ಯಾವ ಬಾಗಿಲು ತೆರೆದಿರಬೇಕು. ಅದಕ್ಕೂ ಒಂದು ಶೀಟು ಬೇಕು, ತಾರೀಖು ಹಾಕಿ.